ಅಂತರಜಾಲಕ್ಕೂ ಸುಂಕದ ಕಟ್ಟೆಯೆ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಗಾದೆ. ಈಗಲಾದರೋ ಸುಂಕದವರೇ ನಮ್ಮ ಮುಂದೆ ದುಃಖ ತೋಡಿಕೊಳ್ಳುತ್ತಿದ್ದಾರೆ.

ಅಂತರಜಾಲದ ಸಂಪರ್ಕ ಒದಗಿಸುವ ದೂರವಾಣಿ ಕಂಪನಿಗಳು ಕೆಲವು ವರ್ಷಗಳಿಂದ ಒಂದು ವಾದ ಹೂಡಿವೆ. ಚಲನಚಿತ್ರ, ವೀಡಿಯೊಗಳನ್ನು ಬಿತ್ತರಿಸುವ ದೊಡ್ಡ ಸಂಸ್ಥೆಗಳಿಂದ ತಮ್ಮ ಜಾಲದ ಮೇಲೆ ಭಾರ ಹೆಚ್ಚಿದೆಯಂತೆ. ಅವೂ 'ನ್ಯಾಯವಾದ ಪಾಲು' ತೆರಬೇಕಂತೆ. ಕೇಳುವುದಕ್ಕೇನೋ ಸೊಗಸಾಗಿದೆ. ಆದರೆ ಆ ಭಾರವನ್ನು ತರಿಸಿಕೊಂಡವರು ಯಾರು? ನಾನು, ನೀವು. ನಾವು ಕರೆಯದೆ ಯಾವ ಚಲನಚಿತ್ರವೂ ಮನೆ ಬಾಗಿಲಿಗೆ ಬರುವುದಿಲ್ಲ. ಕರೆದುದಕ್ಕೆ ರೀಚಾರ್ಜಿನ ಹಣವನ್ನು ಮುಂಗಡವಾಗಿಯೇ ಎಣಿಸಿದ್ದೇವೆ. ಒಂದೇ ಮೂಟೆಗೆ ಎರಡು ಕಡೆ ಕೂಲಿ ಕೇಳುವುದು ಯಾವ ಸಂತೆಯ ನ್ಯಾಯ?

ಅಂತರಜಾಲದ ರೀತಿ ಅಂಚೆಯದಕ್ಕೆ ಹತ್ತಿರ. ಓಲೆಯಾಗಲಿ ಹಾಡಾಗಲಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಡುತ್ತದೆ. ಒಂದೊಂದರ ಮೇಲೂ ವಿಳಾಸವಿರುತ್ತದೆ; ದಾರಿಯುದ್ದಕ್ಕೂ ಇರುವ ರೂಟರುಗಳು ಅದನ್ನು ನೋಡಿ ಮುಂದಕ್ಕೆ ಸಾಗಿಸುತ್ತವೆ. ದಟ್ಟಣೆಯಾದಾಗ ಕೆಲವು ಕಾಯಬೇಕಾದೀತು. ತುರ್ತು ಸೇವೆಗೆ ಮೊದಲು ದಾರಿ ಬಿಡುವುದೂ ಯುಕ್ತವೇ. ಆದರೆ ಕಳಿಸಿದವರ ಹೆಸರು ನೋಡಿ, 'ಇವರು ಹಣ ಕೊಟ್ಟಿದ್ದಾರೆ, ಇವರ ಕಾಗದ ಮೊದಲು' ಎನ್ನುವುದು ಅಂಚೆಯವನ ಕೆಲಸವಲ್ಲ. ಈ ತತ್ತ್ವಕ್ಕೇ ನೆಟ್ ನ್ಯೂಟ್ರಾಲಿಟಿ, ಎಂದರೆ ಜಾಲದ ತಟಸ್ಥತೆ ಎಂದು ಹೆಸರು.

ಜಗಳ ಹೊಸದಲ್ಲ. 2015ರಲ್ಲಿ ಏರ್‌ಟೆಲ್ ಜೀರೋ, ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಎಂಬ ಯೋಜನೆಗಳು ಸುದ್ದಿಯಾದುವು. ಆಯ್ದ ತಾಣಗಳು ಬಿಟ್ಟಿ, ಉಳಿದವಕ್ಕೆ ದುಡ್ಡು. ಬಡವನಿಗೆ ಇಷ್ಟಾದರೂ ಸಿಗಲಿ ಎಂಬ ಕರುಣೆಯ ಮಾತು ಬೇರೆ! ಎಲೆ ಹಾಕಿದ ಮಾತ್ರಕ್ಕೆ ಪಂಕ್ತಿಭೇದ ಪುಣ್ಯಕಾರ್ಯವಾದೀತೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ 10 ಲಕ್ಷಕ್ಕೂ ಮಿಕ್ಕಿ ಈಮೇಲ್‌ಗಳು ಹೋದುವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ತಾಣ ನೋಡಿ ದರ ವಿಧಿಸಕೂಡದೆಂದು ಕಟ್ಟುಮಾಡಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ. ತಾಣಗಳನ್ನು ತಡೆಯುವುದೂ ನಿಧಾನಗೊಳಿಸುವುದೂ ಸಲ್ಲದೆಂಬ ತತ್ತ್ವವನ್ನು 2018ರಲ್ಲಿ ಕೇಂದ್ರ ಸರ್ಕಾರವೂ ಒಪ್ಪಿತು.

ಅಂದು ಮುಂಬಾಗಿಲಲ್ಲಿ ಸೋತ ವಾದವೇ ಇಂದು 'ಪಾಲಿ'ನ ವೇಷದಲ್ಲಿ ಹಿತ್ತಿಲಿನಿಂದ ಬಂದಿದೆ. ದೊಡ್ಡವರಿಂದ ಮಾತ್ರ ವಸೂಲು ಮಾಡುತ್ತೇವೆ ಎನ್ನುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಜಾಲದ ಶುಲ್ಕ ವಿಪರೀತವೆಂದು ಹೇಳಿ, ಟ್ವಿಚ್ ಎಂಬ ವೀಡಿಯೊ ಸಂಸ್ಥೆ 2024ರ ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿತು. ಅದರ ಒಡೆತನ ಅಮೆಜಾನಿನದು! ಅಮೆಜಾನಿನ ಕೂಸೇ ತಾಳದ ಹೊರೆಯನ್ನು ನಾಳೆ ಸಣ್ಣವರ ಮೇಲೂ ಹೊರಿಸಿದರೆ ಗತಿಯೇನು?

ನಾನು ಕನ್ನಡ ಪಾಠ ಹೇಳುವವನು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವನ್ನು ಬರೆದು ಬೆಳೆಸಿದವರು ಸಂಬಳವಿಲ್ಲದ ಹವ್ಯಾಸಿಗಳು. ಅಂಥವರು ನಡೆಸುವ ಸಣ್ಣ ತಾಣಗಳಿಗೆ ಸುಂಕ ಕಟ್ಟುವ ಶಕ್ತಿಯೂ ಇಲ್ಲ. ಕಟ್ಟಿದವರ ಹಿಂದೆ ನಿಂತು ಬದುಕುವ ಶಕ್ತಿಯೂ ಇಲ್ಲ. ಸುಂಕದ ಕಟ್ಟೆ ಎದ್ದ ದಿನ ಮೊದಲು ಬಡವಾಗುವುದು ನಮ್ಮ ನುಡಿಯೇ.

ಕಂಪನಿಗಳಿಗೆ ಖರ್ಚು ಹೆಚ್ಚಿದೆಯೆ? ಬಹಿರಂಗವಾಗಿ ನಮ್ಮನ್ನೇ ಕೇಳಲಿ. ಕೊಡೋಣ, ಇಲ್ಲವೆ ಜಗಳವಾಡೋಣ. ದಾರಿ ಮಾತ್ರ ಎಲ್ಲರಿಗೂ ಒಂದೇ ಆಗಿರಲಿ.