ಅಗಲವೊಂದನ್ನೇ ಅಳೆದರೆ ಸಾಕೆ?



ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿಕೊಂಡವರಿಗೆ ಅಮೆರಿಕದ ವೈದ್ಯರು ಮುಖ್ಯವಾಗಿ ನೋಡುವುದು ಉಬ್ಬಿನ ಅಗಲವನ್ನು. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಮುಟ್ಟಿದರೆ ಶಸ್ತ್ರಚಿಕಿತ್ಸೆ. ನೋವಿಲ್ಲದೆ, ಬೇಗ ಬೆಳೆಯದೆ ಇದ್ದರೆ ಅಲ್ಲಿಯವರೆಗೆ ಕಾಯಬೇಕು. ಇಲ್ಲಿ ಎಡಿಸನ್‌ನಲ್ಲಿರುವ ನನ್ನ ಅಕ್ಕನಿಗೆ ಕಿಡ್ನಿ ಕಲ್ಲಿಗೆಂದು ಸ್ಕ್ಯಾನ್ ಮಾಡಿದಾಗ ಈ ಉಬ್ಬು ಕಣ್ಣಿಗೆ ಬಿತ್ತು. 4.4 ಸೆಂ.ಮೀ., ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಎಂದಷ್ಟೇ ವರದಿಯಲ್ಲಿದೆ. ಐದಡಿಯೂ ಇಲ್ಲದ ಅವಳ ಎತ್ತರವಾಗಲಿ, ಬಿಪಿಯಾಗಲಿ ಅದರಲ್ಲಿ ಎಲ್ಲೂ ಇಲ್ಲ. ಈ ಒಂದಂಕಿಯ ತೀರ್ಪಿಗೇ ನನ್ನ ತಕರಾರು.

ನಾನು ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದವನು. ಬಾಯ್ಲರಿನ ಅಗಲವನ್ನಷ್ಟೇ ನೋಡಿ ಯಾರೂ ಅದಕ್ಕೆ ಸಹಿ ಹಾಕುವುದಿಲ್ಲ. ತಗಡು ಎಷ್ಟು ದಪ್ಪ, ಒಳಗೆ ಎಷ್ಟು ಒತ್ತಡ, ಎಲ್ಲಿ ಸವೆದಿದೆ ಎಂದೆಲ್ಲ ಕೇಳುತ್ತೇವೆ. ರಕ್ತನಾಳ ಒಡೆಯುವುದೂ ಗೋಡೆಗೆ ತಾಳಲಾರದಷ್ಟು ಎಳೆತ ಬಿದ್ದ ಜಾಗದಲ್ಲೇ. ಅಗಲ ಹೆಚ್ಚಿದಂತೆ ಎಳೆತ ಹೆಚ್ಚುತ್ತದೆ, ನಿಜ. ಆದರೆ ಉಬ್ಬಿನ ಆಕಾರ, ಗೋಡೆಯ ಪೆಡಸುತನ, ಒಳಗೆ ಕಟ್ಟಿಕೊಂಡ ಹೆಪ್ಪು ಇವೂ ಲೆಕ್ಕಕ್ಕೆ ಬರಬೇಕು. ಚಿಕ್ಕ ಉಬ್ಬು ಕೆಲವೊಮ್ಮೆ ಒಡೆಯುವುದು, ದೊಡ್ಡದು ವರ್ಷಗಟ್ಟಲೆ ಹಾಗೇ ಉಳಿಯುವುದು ಇದರಿಂದಲೇ.

1948ರಲ್ಲಿ ಬ್ರೂಕ್ಲಿನ್‌ನಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ ಅವರು ಐನ್‌ಸ್ಟೈನರ ಇಂಥದೇ ಉಬ್ಬಿಗೆ ಸೆಲೋಫೇನ್ ಸುತ್ತಿದ್ದರು. ಅದು ಒಡೆದು ಐನ್‌ಸ್ಟೈನ್ ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡದ್ದು 1955ರಲ್ಲಿ. 1992ರಲ್ಲಿ ಬ್ರಾಂಕ್ಸ್‌ನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ, ಈ ದೇಶದಲ್ಲಿ ಮೊದಲ ಬಾರಿಗೆ, ಹೊಟ್ಟೆ ಕೊಯ್ಯದೆ ತೊಡೆಸಂದಿನಿಂದ ಕೊಳವೆ ತೂರಿಸಿ ಚಿಕಿತ್ಸೆ ಮಾಡಿದರು. ಚಿಕಿತ್ಸೆ ಇಷ್ಟು ದೂರ ಬಂದರೂ ಅಪಾಯ ಅಳೆಯುವುದು ಮಾತ್ರ ಇನ್ನೂ ಅಗಲದಲ್ಲೇ.

ಬೇರೆ ದಾರಿ ಇಲ್ಲವೆಂದಲ್ಲ. ಲಾಂಗ್ ಐಲೆಂಡಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಡ್ಯಾನಿ ಬ್ಲೂಸ್ಟೈನ್ ತಂಡ ಸಿಟಿ ಚಿತ್ರಗಳಿಂದ ರೋಗಿಯ ಉಬ್ಬನ್ನೇ ಕಂಪ್ಯೂಟರಿನಲ್ಲಿ ಕಟ್ಟಿ, ರಕ್ತದ ಹರಿವನ್ನೂ ಗೋಡೆಯ ಎಳೆತವನ್ನೂ ಒಟ್ಟಿಗೆ ಲೆಕ್ಕ ಹಾಕಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲಿಸಾ ಕೊನೊಫಾಗೂ ತಂಡದ್ದು ಅಲ್ಟ್ರಾಸೌಂಡ್ ವಿಧಾನ: ನಾಡಿಯ ಅಲೆ ಗೋಡೆಗುಂಟ ಓಡುವ ವೇಗ ಹಿಡಿದು, ಎಲ್ಲಿ ಪೆಡಸಾಗಿದೆ ಎಂದು ಕಂಡುಕೊಳ್ಳುವುದು.

ಈ ವಿಧಾನಗಳಿಗೆ ಇನ್ನೂ ಪುರಾವೆ ಸಾಲದು ಎನ್ನುವ ವೈದ್ಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಿಟಿಯಲ್ಲಿ ಗೋಡೆಯ ದಪ್ಪ ಸರಿಯಾಗಿ ಕಾಣದೆ ಎಷ್ಟೋ ಸಲ ಅಂದಾಜಿನ ಮೇಲೆಯೇ ಲೆಕ್ಕ ನಡೆಯುತ್ತದೆ. ಆದರೆ ಪುರಾವೆ ಕೂಡಿಸಲು ಹಣ ಹಾಕಬೇಕಲ್ಲವೇ? 5.5ರ ಗಡಿಯನ್ನು ಗಟ್ಟಿ ಮಾಡಿದ, 2002ರಲ್ಲಿ ಪ್ರಕಟವಾದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಎದೆಭಾಗದ ಮಹಾಪಧಮನಿಗೆ ಅಮೆರಿಕದ 2022ರ ಮಾರ್ಗಸೂಚಿಯೇ ರೋಗಿಯ ಎತ್ತರವನ್ನೂ ಲೆಕ್ಕಕ್ಕೆ ತಂದಿದೆ. ಹೊಟ್ಟೆಯ ಭಾಗಕ್ಕೂ ಆ ಗಮನ ಬೇಕು.

ನ್ಯೂಯಾರ್ಕ್, ನ್ಯೂಜೆರ್ಸಿಯ ದೊಡ್ಡ ಆಸ್ಪತ್ರೆಗಳಲ್ಲಿ ವರ್ಷವರ್ಷದ ಸಿಟಿ ಚಿತ್ರಗಳು ಕೂಡಿಬಿದ್ದಿವೆ. ಅವನ್ನು ಈ ಎಂಜಿನಿಯರುಗಳ ಕೈಗಿತ್ತು, ಹೆಂಗಸರನ್ನೂ ನಮ್ಮಂಥ ಸಣ್ಣ ಮೈಕಟ್ಟಿನವರನ್ನೂ ಸೇರಿಸಿಕೊಂಡು ದೊಡ್ಡ ಅಧ್ಯಯನಕ್ಕೆ ಸರ್ಕಾರ ಹಣ ಕೊಡಬೇಕು. ಅದು ಶುರುವಾದ ದಿನ ಹೆಸರು ಬರೆಸಲು ನಮ್ಮ ಕನ್ನಡ ಕೂಟಗಳ ಹಿರಿಯರು ಮುಂದೆ ಬರಲಿ. ಅಕ್ಕ ಈಗಾಗಲೇ ಒಪ್ಪಿದ್ದಾಳೆ.

– ನಿವೃತ್ತ ಎಂಜಿನಿಯರ್, ಎಡಿಸನ್, ನ್ಯೂಜೆರ್ಸಿ