ಹಸಿರು ಬಣ್ಣ ಯಾವ ಬೀದಿಯದು?

'ಫೋನಿನಲ್ಲಿ ಹಸಿರು ಕಾಣುತ್ತಿದೆ, ಚಿತ್ರದುರ್ಗ ಜಿಲ್ಲೆಯ ಗಾಳಿ ಚೊಕ್ಕವಾಗಿದೆ' ಎಂದು ಬರೆದವರು ಯಾವ ಬೀದಿಯ ಗಾಳಿ ಎಂದು ಹೇಳಲೇ ಇಲ್ಲ. ಹತ್ತಿರದಲ್ಲಿ ಮಾಪಕ ಇಲ್ಲದಿದ್ದರೆ ಗಾಳಿಯ ಗುಣಮಟ್ಟ ತೋರಿಸುವ ಫೋನ್ ಆ್ಯಪ್‌ಗಳು ಉಪಗ್ರಹದ ಮಾಹಿತಿಯಿಂದ ಅಂದಾಜು ಕಟ್ಟುತ್ತವೆ; ಹಲವು ಕಿಲೋಮೀಟರಿಗೆ ಒಂದೇ ಅಂಕಿ. ಆ ಲೆಕ್ಕದಲ್ಲಿ ಭೀಮಸಮುದ್ರದ ಅದಿರು ಲಾರಿಗಳ ದಾರಿಯೂ ದೂರದ ತೋಟದ ಮನೆಯೂ ಒಂದೇ. ದಾರಿಬದಿಯ ಅಡಿಕೆ ಗರಿಯ ಮೇಲೆ ಕೂತ ಕೆಂಪು ಧೂಳಿಗೆ ಮಾತ್ರ ಈ ಸರಾಸರಿ ಗೊತ್ತಿಲ್ಲ. ಅದಿರಿನ ಧೂಳು ಹೆಚ್ಚಾಗಿ ದಪ್ಪ ಕಣ, ಪಿಎಂ 10ರ ಲೆಕ್ಕಕ್ಕೆ ಬರುತ್ತದೆ. ಹಿರಿಯೂರಿನ ಹೆದ್ದಾರಿಯ ಡೀಸೆಲ್ ಹೊಗೆ ಪಿಎಂ 2.5, ಶ್ವಾಸಕೋಶದ ಆಳಕ್ಕೆ ಇಳಿಯುವಂಥದ್ದು. ನಮ್ಮ ದೇಶದಲ್ಲಿ ಇವುಗಳ 24 ಗಂಟೆಯ ಮಿತಿ ಕ್ರಮವಾಗಿ ಘನ ಮೀಟರಿಗೆ 100 ಮತ್ತು 60 ಮೈಕ್ರೋಗ್ರಾಂ. ಲಾರಿಗಳು ಸಾಲುಗಟ್ಟುವ ಎರಡು ಗಂಟೆಯ ಕಷ್ಟ ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಜೋಗಿಮಟ್ಟಿ ಬೆಟ್ಟದ ಗಾಳಿ ಎಲ್ಲವನ್ನೂ ಹೊತ್ತೊಯ್ಯುತ್ತದೆ ಎನ್ನುತ್ತಾರೆ. ಒಯ್ಯುತ್ತದೆ, ಆದರೆ ಒಣ ನೆಲದಿಂದ ಧೂಳೆಬ್ಬಿಸುವುದೂ ಅದೇ ಗಾಳಿ! ಹಾಗಾಗಿ ಬೀದಿಬೀದಿಯಲ್ಲೇ ಅಳೆಯಬೇಕು. ಅದಕ್ಕೆ ಬಳಸುವ ಅಗ್ಗದ ಸೆನ್ಸರುಗಳನ್ನು ನಂಬಲಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ: ತೇವ ಹೆಚ್ಚಾದರೆ ಅವು ಕಣಗಳನ್ನು ಹೆಚ್ಚಾಗಿಯೇ ತೋರಿಸುತ್ತವೆ. ಹಾಗೆಂದು ಅಳೆಯುವುದನ್ನೇ ಬಿಡಬೇಕೆ? ಮೊದಲು ಎಲ್ಲ ಸೆನ್ಸರುಗಳನ್ನೂ ಪ್ರಮಾಣಿತ ಮಾಪಕದ ಪಕ್ಕದಲ್ಲೇ ಕೆಲವು ದಿನ ಇಟ್ಟು ವ್ಯತ್ಯಾಸ ಗುರುತಿಸಲಿ. ಆಮೇಲೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಬಸ್ ನಿಲ್ದಾಣದಲ್ಲೂ ಒಳಕೇರಿಯಲ್ಲೂ ಒಂದೇ ಎತ್ತರದಲ್ಲಿ, ಒಂದೇ ದಿನಗಳಲ್ಲಿ ಅಳೆದು ಗಂಟೆಗಂಟೆಯ ಅಂಕಿಯನ್ನು ಪ್ರಕಟಿಸಲಿ.