ಎಂಜಿನ್ನಿನ ತಲೆಗೆ ಎಷ್ಟು ಎಣ್ಣೆ?

ನಾರಾಯಣಪೇಟೆಯ ವಾಚಕರೊಬ್ಬರು ತಮ್ಮ ತಂದೆಯವರ ಕಾಲದ ಅಂಬಾಸಿಡರ್ ಕಾರಿನ ಎಂಜಿನ್ನನ್ನು ಬಿಚ್ಚಿಸಿ ದುರಸ್ತಿಗೆ ಕೊಟ್ಟಿದ್ದಾರೆ. ಸಿಲಿಂಡರ್ ಹೆಡ್ಡಿನೊಳಗೆ ಎಣ್ಣೆ ಹರಿಯುವ ರಂಧ್ರವನ್ನು ಬೈರಿಗೆಯಿಂದ ದೊಡ್ಡದು ಮಾಡಿದರೆ ಎಂಜಿನ್ನು ಬಹುಕಾಲ ಬಾಳುವುದೆಂದು ಮೇಸ್ತ್ರಿಯು ಹೇಳುತ್ತಿರುವನಂತೆ. ಹಾಗೆ ಮಾಡಿಸಬಹುದೇ ಎಂದು ನಮ್ಮನ್ನು ಕೇಳಿದ್ದಾರೆ. ತಲೆಗೆ ನಾಲ್ಕು ಹನಿ ಎಣ್ಣೆ ಹೆಚ್ಚು ಬಿದ್ದರೆ ಒಳ್ಳೆಯದೇ ಎಂಬುದು ನಮ್ಮ ಮನೆಯ ಹಿರಿಯರ ಮಾತು. ಎಂಜಿನ್ನಿನ ತಲೆಗೆ ಆ ಮಾತು ಸಲ್ಲದು. ಏಕೆಂಬುದನ್ನು ಈ ತಿಂಗಳು ವಿಚಾರಿಸೋಣ.

ಉತ್ತರಪಾಡಾದ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿಗೆ ಬಹುಕಾಲ ಅಳವಡಿಸಿದ್ದುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಯ 1489 ಸಿ.ಸಿ. ಎಂಜಿನ್ನು. ತಳದ ತೊಟ್ಟಿಯಿಂದ ಪಂಪು ಎಣ್ಣೆಯನ್ನೆತ್ತಿ ಶೋಧಕದ ಮೂಲಕ ಮುಖ್ಯ ನಾಳಕ್ಕೆ ಒತ್ತುತ್ತದೆ. ಅಲ್ಲಿಂದ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೂ ಕ್ಯಾಮ್‌ಶಾಫ್ಟಿನ ಬೇರಿಂಗುಗಳಿಗೂ ಎಣ್ಣೆ ಸಲ್ಲುತ್ತದೆ. ಒಂದು ಸಣ್ಣ ಕವಲು ಮಾತ್ರ ಬ್ಲಾಕಿನಿಂದ ಮೇಲೇರಿ, ಗ್ಯಾಸ್ಕೆಟ್ಟನ್ನು ದಾಟಿ, ಹೆಡ್ಡಿನ ಮೂಲಕ ಒಂದು ರಾಕರ್ ಕಂಬವನ್ನು ಹೊಕ್ಕು, ಟೊಳ್ಳಾದ ರಾಕರ್ ಶಾಫ್ಟನ್ನು ಸೇರುತ್ತದೆ. ರಾಕರುಗಳನ್ನು ನೆನೆಸಿದ ಎಣ್ಣೆಯು ಪುಷ್‌ರಾಡಿನ ರಂಧ್ರಗಳಿಂದ ಮತ್ತೆ ಕೆಳಗಿಳಿಯುತ್ತದೆ. ಎಂದರೆ ಪಂಪು ಒಂದು, ಉಣ್ಣುವವರು ಹಲವರು.

ಗದ್ವಾಲದ ಕಡೆಯ ನಮ್ಮ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ರಾಯಚೂರು ಜಿಲ್ಲೆಯ ರಾಜೋಳಿಬಂಡಾದಲ್ಲಿ ತುಂಗಭದ್ರೆಯಿಂದ ಹೊರಡುವ ಕಾಲುವೆಯು ಆಲಂಪುರ, ಗದ್ವಾಲ ಸೀಮೆಯ 87,500 ಎಕರೆಗೆ ನೀರುಣಿಸಲೆಂದು ಆದದ್ದು. 1956ರ ನವೆಂಬರಿನವರೆಗೆ ಈ ಎರಡು ತಾಲ್ಲೂಕುಗಳೂ ರಾಯಚೂರು ಜಿಲ್ಲೆಗೇ ಸೇರಿದ್ದವು. ಕಾಲುವೆಯ ತಲೆಭಾಗದಲ್ಲಿ ತೂಬನ್ನು ಅಗಲಿಸಿದರೆ ಕೊನೆಭಾಗದ ಹೊಲ ಒಣಗುತ್ತದೆ. ಹೂಳು ತುಂಬಿದರೆ ಎಲ್ಲರಿಗೂ ಕೊರತೆ. ಎಂಜಿನ್ನಿನಲ್ಲಿ ರಾಕರಿನ ರಂಧ್ರವೇ ತೂಬು, ಕ್ರ್ಯಾಂಕಿನ ಬೇರಿಂಗೇ ಕೊನೆಯ ಹೊಲ, ಕರಿ ಎಣ್ಣೆಯ ಗಸಿಯೇ ಹೂಳು.

ರಂಧ್ರವನ್ನು ಸ್ವಲ್ಪವೇ ಹಿಗ್ಗಿಸಿದರೆ ಏನಾದೀತು ಎನ್ನುವವರುಂಟು. ಫ್ರಾನ್ಸಿನ ವೈದ್ಯ ಪ್ವಾಸೈ ಎಂಬಾತನು 1840ರ ಸುಮಾರಿಗೆ ಕಿರಿದಾದ ಗಾಜಿನ ನಳಿಕೆಗಳಲ್ಲಿ ದ್ರವಗಳನ್ನು ಹರಿಸಿ ಒಂದು ನಿಯಮವನ್ನು ಕಂಡುಕೊಂಡನು. ಒತ್ತಡವೂ ಉದ್ದವೂ ಅಷ್ಟೇ ಇದ್ದು ನಳಿಕೆಯ ವ್ಯಾಸ ಮಾತ್ರ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟಾಗುತ್ತದೆ. 2 ಮಿಲಿಮೀಟರಿನ ರಂಧ್ರವನ್ನು 3 ಮಿಲಿಮೀಟರಿಗೆ ಕೊರೆದರೂ ಈ ಲೆಕ್ಕದಲ್ಲಿ ಹರಿವು ಐದು ಪಟ್ಟಾಗುತ್ತದೆ. ಬೈರಿಗೆ ಹಿಡಿದವನಿಗೆ ಒಂದು ಮಿಲಿಮೀಟರು ಅಲ್ಪವೆನಿಸಬಹುದು. ಬೇರಿಂಗಿಗೆ ಅದು ಅಲ್ಪವಲ್ಲ.

ಮಕ್ತಲಿನ ಕಡೆಯ ಬಾಡಿಗೆ ಕಾರಿನ ಯಜಮಾನರೊಬ್ಬರನ್ನು ನಾವು ಬಲ್ಲೆವು. ರೋಗಿಗಳನ್ನು ರಾಯಚೂರಿಗೆ ಮುಟ್ಟಿಸುವುದು, ಮದುವೆಯ ದಿಬ್ಬಣಗಳನ್ನು ಕರೆದೊಯ್ಯುವುದು ಅವರ ಜೀವನೋಪಾಯವಾಗಿತ್ತು. ರಾಕರುಗಳು ಒಣಗಿ ಸದ್ದು ಮಾಡುತ್ತಿದ್ದುದರಿಂದ ಅವರು ಹೆಡ್ಡನ್ನು ಬಿಚ್ಚಿಸಿದರು. ಗಸಿ ಕಟ್ಟಿದ್ದ ನಾಳವನ್ನು ತೊಳೆಯುವ ಬದಲು, ಮುಖ್ಯ ನಾಳದಿಂದ ತಾಮ್ರದ ಕೊಳವೆಯೊಂದನ್ನು ಹೊರಗಿನಿಂದಲೇ ತಂದು ಹೆಡ್ಡಿಗೆ ಜೋಡಿಸಲಾಯಿತು. ಸದ್ದು ಅಡಗಿತು, ಯಜಮಾನರು ಸಂತೋಷಪಟ್ಟರು. ಕೆಲವೇ ತಿಂಗಳುಗಳಲ್ಲಿ, ಮೇಲೆ ನಿಂತ ಎಣ್ಣೆಯು ಸವೆದ ವಾಲ್ವ್ ಗೈಡುಗಳ ಮೂಲಕ ಇಳಿದು ನೀಲಿ ಹೊಗೆಯಾಯಿತು. ಎಂಜಿನ್ನು ಕಾದಾಗ ಎಣ್ಣೆಯ ಒತ್ತಡ ಕುಸಿದು ಕೆಳಗಿನ ಬೇರಿಂಗುಗಳು ಬಡಿದುಕೊಳ್ಳತೊಡಗಿದವು. ಕೊನೆಗೆ ಕ್ರ್ಯಾಂಕನ್ನೇ ಅರೆಸಬೇಕಾಯಿತು. ಆ ಖರ್ಚಿಗಾಗಿ ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟಿದ್ದ ಹಣ ಕರಗಿತು.

ಹಾಗಾದರೆ ಮಾಡಬೇಕಾದುದೇನು? ಮೊದಲು ಹೂಳೆತ್ತಬೇಕು. ನಾಳಗಳ ತುದಿಯ ಬಿರಡೆಗಳನ್ನು ತೆಗೆಸಿ, ಸೀಮೆಎಣ್ಣೆ ಮತ್ತು ಸಣ್ಣ ಕುಂಚದಿಂದ ಉಜ್ಜಿ, ಗಾಳಿ ಊದಿಸಬೇಕು. ಹೆಡ್ಡನ್ನು ಅರೆಸಿದ ಮೇಲೆ ಇದನ್ನು ಇನ್ನೊಮ್ಮೆ ಮಾಡುವುದು ಅಗತ್ಯ. ಲೋಹದ ಪುಡಿಯೂ ವಾಲ್ವ್ ತಿಕ್ಕುವ ಪೇಸ್ಟೂ ನಾಳದಲ್ಲಿ ಉಳಿದರೆ ನೇರವಾಗಿ ಬೇರಿಂಗಿಗೆ ಸೇರುತ್ತವೆ. ಎರಡನೆಯದಾಗಿ, ಹೊಸ ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲೂ ಹೆಡ್ಡಿನ ಮೇಲೂ ಇಟ್ಟು ರಂಧ್ರಕ್ಕೆ ರಂಧ್ರ ಕೂಡುವುದೇ ಎಂದು ಕಣ್ಣಾರೆ ಕಾಣಬೇಕು. ಎಣ್ಣೆಯ ರಂಧ್ರವುಳ್ಳ ರಾಕರ್ ಕಂಬವು ತನ್ನ ಸ್ಥಾನದಲ್ಲೇ ಕೂಡಬೇಕು. ಮೂರನೆಯದಾಗಿ, ರಾಕರ್ ಶಾಫ್ಟು, ಬುಷ್ಷುಗಳು ಸವೆದಿದ್ದರೆ ಬದಲಿಸಬೇಕು. ಸವೆದ ಸಂದಿನಿಂದ ಸೋರುವ ಎಣ್ಣೆಗೆ ದೊಡ್ಡ ರಂಧ್ರ ಪರಿಹಾರವಲ್ಲ.

ಮಾರ್ಪಾಡು ಬೇಕೇ ಬೇಕೆನ್ನುವವರು ಎಣ್ಣೆ ಇಳಿಯುವ ದಾರಿಗಳನ್ನು ನೋಡಲಿ. ಅಲ್ಲಿ ಎರಕದ ಗಂಟುಗಳಿದ್ದರೆ ಅವನ್ನು ನಯವಾಗಿ ಅರೆಸುವುದರಿಂದ ಕೇಡಿಲ್ಲ. ಏರುವ ದಾರಿಯನ್ನು ಹಿಗ್ಗಿಸುವುದಾಗಲಿ, ತಡೆಬಿರಡೆ ಹಾಕಿ ಕುಗ್ಗಿಸುವುದಾಗಲಿ ಕಾದ ಎಂಜಿನ್ನಿನ ಒತ್ತಡವನ್ನು ಮಾಪಕದಿಂದ ಅಳೆದು ನೋಡಬಲ್ಲವರಿಗೆ ಮಾತ್ರ ಬಿಟ್ಟ ಕೆಲಸ. ಎಲ್ಲವನ್ನೂ ಜೋಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ರಾಕರಿನ ಮುಚ್ಚಳ ತೆರೆದಿಟ್ಟು, ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸಿರಿ. ಪ್ರತಿಯೊಂದು ರಾಕರಿನಲ್ಲೂ ಎಣ್ಣೆ ಜಿನುಗುವುದನ್ನು ಕಂಡ ನಂತರವೇ ಚಾಲೂ ಮಾಡಿರಿ.

ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಕಲಿತ ಅನೇಕ ಹುಡುಗರು ರಾಯಚೂರು, ಹೈದರಾಬಾದುಗಳ ವರ್ಕ್‌ಶಾಪುಗಳಲ್ಲಿ ದುಡಿಯುತ್ತಿದ್ದಾರೆ. ಅವರ ಕೈಚಳಕಕ್ಕೆ ಕೊರತೆಯಿಲ್ಲ. ಹೀಗೇಕೆ ಮಾಡಬೇಕೆಂದು ಅವರ ಭಾಷೆಯಲ್ಲಿ ಹೇಳಿಕೊಟ್ಟವರು ಕಡಿಮೆ. ಅಂತಹ ಮಕ್ಕಳಿರುವ ಮನೆಯವರು ಈ ಪುಟವನ್ನು ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಯಾವುದೇ ಎಂಜಿನ್ನಿಗೆ ಬೈರಿಗೆ ಹಚ್ಚುವ ಮುನ್ನ, ಎಣ್ಣೆ ಎಲ್ಲಿಂದ ಹೊರಟು ಯಾರ ಯಾರನ್ನು ಮುಟ್ಟಿ ಎಲ್ಲಿಗೆ ಮರಳುವುದೆಂಬ ಚಿತ್ರವನ್ನು ಅವರು ಒಂದು ಹಾಳೆಯ ಮೇಲೆ ಬರೆಯಲಿ. ಚಿತ್ರ ಪೂರ್ಣವಾಗದಿದ್ದರೆ ಬೈರಿಗೆಯನ್ನು ಕೆಳಗಿಡಲಿ. ನಾರಾಯಣಪೇಟೆಯ ವಾಚಕರಿಗೂ ನಮ್ಮ ಉತ್ತರ ಅದೇ: ರಂಧ್ರವನ್ನು ತೊಳೆಸಿರಿ, ಕೊರೆಸಬೇಡಿರಿ.